ಹಿತ್ತಲ ತರಕಾರಿಗೆ ನವರಾತ್ರಿಯೇ ಮುಹೂರ್ತ: ಕಾರವಾರದಿಂದ ಶಿರಸಿಯವರೆಗೆ ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

ಹಿತ್ತಲಲ್ಲಿ ನಾಲ್ಕು ತರಕಾರಿ ಬೆಳೆಯಬೇಕು ಅಂತ ಹೊರಟವರು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಾಮಾನ್ಯವಾಗಿ ಜೂನ್ ಮೊದಲ ವಾರವೇ ಬೀಜ ತರುತ್ತಾರೆ. ಮಳೆ ಬಂತು, ಇನ್ನು ನೀರು ಹಾಕುವ ಕೆಲಸ ಇಲ್ಲ, ಬಿತ್ತಿಬಿಡೋಣ ಅನ್ನುವ ಲೆಕ್ಕ. ಜುಲೈ ಹೊತ್ತಿಗೆ ಬದನೆ ಸಸಿ ಬುಡದಲ್ಲೇ ಕೊಳೆತಿರುತ್ತದೆ. ಕೊತ್ತಂಬರಿ ಬೀಜ ನೀರಿನ ಜೊತೆ ಗಟಾರ ಸೇರಿರುತ್ತದೆ. ಉಳಿದ ಒಂದೆರಡು ಬೆಂಡೆ ಗಿಡವನ್ನು ಬಸವನಹುಳು ತಿಂದಿರುತ್ತದೆ. ‘ನಮ್ಮ ಕೈಗುಣ ಸರಿಯಿಲ್ಲ’ ಅಂತ ಕುಂಡಗಳು ಮೂಲೆಗೆ ಹೋಗುತ್ತವೆ. ಕೈಗುಣಕ್ಕೆ ಏನೂ ಆಗಿಲ್ಲ, ಆರಿಸಿದ ತಿಂಗಳು ತಪ್ಪಿದೆ ಅಷ್ಟೇ.

ಬೀಜದ ಪೊಟ್ಟಣದ ಹಿಂದೆ ‘ಜೂನ್-ಜುಲೈ ಬಿತ್ತನೆ’ ಅಂತ ಅಚ್ಚಾಗಿರುವುದು ಬಯಲುಸೀಮೆ ಹೊಲದ ಲೆಕ್ಕ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲೆ ಫೆಬ್ರವರಿಯಿಂದ ಮೇ ತನಕ ಹನಿ ನೀರಿಗೂ ಬಾವಿ ಇಣುಕಬೇಕು. ನಾಲ್ಕು ತಿಂಗಳು ನೀರನ್ನು ಹೊರಗೆ ಕಳಿಸುವ ಕೆಲಸ, ನಾಲ್ಕು ತಿಂಗಳು ನೀರನ್ನು ಹಿಡಿದಿಡುವ ಕೆಲಸ. ನಡುವೆ ಅಕ್ಟೋಬರ್‌ನಿಂದ ಜನವರಿ ತನಕ ಮಣ್ಣು ಹದವಾಗಿ ಒದ್ದೆ ಇರುತ್ತದೆ, ಬಿಸಿಲು ಚೆನ್ನಾಗಿರುತ್ತದೆ, ಬಾವಿ ತುಂಬಿರುತ್ತದೆ. ಹೊಸಬರು ಕಲಿಯುವುದಿದ್ದರೆ ಈ ನಾಲ್ಕು ತಿಂಗಳಲ್ಲೇ ಕಲಿಯಬೇಕು.

ಹಾಗಾಗಿ ನವರಾತ್ರಿ ಮುಗಿಯುತ್ತಿದ್ದಂತೆ ಶುರು ಮಾಡಿ. ಒಂದೇ ಒಂದು ಮಡಿ, ಅಂದರೆ ಮಣ್ಣು ಏರಿಸಿ ಕಟ್ಟಿದ ಪಾತಿ, ಸಾಕು. ಮೊದಲ ವರ್ಷ ಟೊಮೆಟೊ, ದೊಣ್ಣೆಮೆಣಸು ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜಾಗ ಹುಡುಕುವುದು

ತರಕಾರಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ತೆಂಗು, ಹಲಸು, ಮಾವಿನ ನಡುವೆ ಇರುವ ನಮ್ಮ ಮನೆಗಳಲ್ಲಿ ಇದೇ ದೊಡ್ಡ ಕಷ್ಟ. ಇನ್ನೊಂದು ವಿಷಯ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ನೋಡಿ ‘ಇಲ್ಲಿ ಬಿಸಿಲು ಭರ್ಜರಿ’ ಅಂದುಕೊಂಡ ಮನೆಯ ಉತ್ತರದ ಬದಿ, ಡಿಸೆಂಬರ್‌ನಲ್ಲಿ ಇಡೀ ದಿನ ಗೋಡೆಯ ನೆರಳಲ್ಲಿ ಇರಬಹುದು. ಅಕ್ಟೋಬರ್‌ನಲ್ಲಿ ಶುರು ಮಾಡುವವರು ಮನೆಯ ದಕ್ಷಿಣ ಅಥವಾ ಪೂರ್ವದ ಬದಿ ಮೊದಲು ನೋಡಿ.

ನೆರಳು ಮಾತ್ರ ಇದೆ ಅಂದರೂ ಕೈಚೆಲ್ಲಬೇಕಾಗಿಲ್ಲ. ಶುಂಠಿ, ಅರಿಶಿನ, ಕೆಸು, ಒಂದೆಲಗ, ದೊಡ್ಡಪತ್ರೆ, ವಿಟಮಿನ್ ಸೊಪ್ಪು ಅರೆನೆರಳಲ್ಲಿ ಚೆನ್ನಾಗಿಯೇ ಬರುತ್ತವೆ. ತಂಬುಳಿಗೂ ಪತ್ರೊಡೆಗೂ ಅಷ್ಟು ಸಾಕು.

ಸಮುದ್ರದ ಬದಿಯವರು, ಅಂದರೆ ಮಾಜಾಳಿ, ದೇವಬಾಗ, ಗೋಕರ್ಣ, ಕಾಸರಕೋಡದ ಕಡೆಯವರು, ಪಶ್ಚಿಮದ ಗಾಳಿಗೆ ಒಂದು ತಡೆ ಮಾಡಿಕೊಳ್ಳಬೇಕು. ಉಪ್ಪಿನ ಗಾಳಿ ಎಳೆ ಎಲೆಯ ಅಂಚನ್ನು ಸುಡುತ್ತದೆ. ಹೆಣೆದ ತೆಂಗಿನ ಗರಿಯ ತಟ್ಟಿ ಅಥವಾ ನೆರಳುಬಲೆ ಕಟ್ಟಿದರೆ ಸಾಕು. ಪೂರ್ತಿ ಗೋಡೆ ಬೇಡ. ಗಾಳಿ ಸ್ವಲ್ಪ ಸೋಸಿ ಬರಬೇಕು, ಇಲ್ಲದಿದ್ದರೆ ಗೋಡೆ ದಾಟಿ ಒಳಗೆ ಸುಳಿ ಹೊಡೆಯುತ್ತದೆ.

ನಲ್ಲಿ ಅಥವಾ ಬಾವಿಯಿಂದ ದೂರ ಹೋಗಬೇಡಿ. ಅಡುಗೆಮನೆ ಬಾಗಿಲಿಂದ ಕಾಣುವ ಜಾಗವಾದರೆ ಇನ್ನೂ ಒಳ್ಳೆಯದು. ದಿನಾ ಕಣ್ಣಿಗೆ ಬೀಳುವ ಗಿಡಕ್ಕೆ ಹುಳ ಹತ್ತಿದರೆ ಅವತ್ತೇ ಗೊತ್ತಾಗುತ್ತದೆ.

ಮಣ್ಣು: ಕೆಂಪು, ಹುಳಿ, ಅಥವಾ ಬರೀ ಮರಳು

ನಮ್ಮಲ್ಲಿ ಮುಖ್ಯವಾಗಿ ಎರಡು ಥರದ ನೆಲ. ಒಂದು ಚಿರೆಕಲ್ಲಿನ ಕೆಂಪು ಮಣ್ಣು, ಇನ್ನೊಂದು ಕಡಲ ತೀರದ ಮರಳು.

ಕೆಂಪು ಮಣ್ಣಿನ ತೊಂದರೆ ಹುಳಿ, ಅಂದರೆ ಆಮ್ಲೀಯತೆ. ಸಾವಿರಾರು ವರ್ಷಗಳ ಜಡಿಮಳೆ ಸುಣ್ಣದ ಅಂಶ, ಮೆಗ್ನೀಸಿಯಂ ಎಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಿವೆ. ಮಣ್ಣು ಕೆಂಪಗಿರುವುದೂ ಅದಕ್ಕೇ. ಈ ಕಬ್ಬಿಣ ರಂಜಕವನ್ನು ಹಿಡಿದುಕೊಂಡು ಗಿಡಕ್ಕೆ ಸಿಗದಂತೆ ಮಾಡುತ್ತದೆ. ನೀವು ಎಷ್ಟು ಗೊಬ್ಬರ ಹಾಕಿದರೂ ಗಿಡ ಗಿಡ್ಡಗೆ ನಿಂತಿದ್ದರೆ ಹುಳಿಯ ಮೇಲೆ ಅನುಮಾನ ಪಡಿ. ಪರಿಹಾರ ಸುಣ್ಣ. ಕೃಷಿ ಸುಣ್ಣ ಅಥವಾ ಡೋಲೋಮೈಟ್ ಪುಡಿಯನ್ನು ಒಂದು ಚದರ ಮೀಟರಿಗೆ ಒಂದು ದೊಡ್ಡ ಹಿಡಿಯಷ್ಟು ಉದುರಿಸಿ, ಮಣ್ಣಿಗೆ ಬೆರೆಸಿ, ಎರಡು ವಾರ ಬಿಡಿ. ಗೊಬ್ಬರ ಆಮೇಲೆ. ಸುಣ್ಣ ಮತ್ತು ಹಸಿ ಗೊಬ್ಬರ ಒಟ್ಟಿಗೆ ಸೇರಿಸಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಬಚ್ಚಲ ಒಲೆಯ ಬೂದಿಯೂ ಹುಳಿ ಇಳಿಸುತ್ತದೆ, ಜೊತೆಗೆ ಪೊಟ್ಯಾಶ್ ಕೊಡುತ್ತದೆ. ಆದರೆ ಬೂದಿಯನ್ನು ಬುಡಕ್ಕೆ ರಾಶಿ ಸುರಿಯಬೇಡಿ, ತೆಳ್ಳಗೆ ಉದುರಿಸಿ. ಪ್ಲಾಸ್ಟಿಕ್ ಸುಟ್ಟ ಬೂದಿಯಂತೂ ಬೇಡವೇ ಬೇಡ.

ಮರಳು ನೆಲಕ್ಕೆ ಬೇರೆಯದೇ ಸಮಸ್ಯೆ. ಬೆಳಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ, ಗೊಬ್ಬರವೂ ಅದರ ಜೊತೆಗೇ ಇಳಿದುಹೋಗುತ್ತದೆ. ಇಲ್ಲಿ ಒಮ್ಮೆಗೇ ಜಾಸ್ತಿ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಕೊಳೆತ ಸೊಪ್ಪು, ಸೆಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸುತ್ತಾ ಹೋಗಬೇಕು, ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಗೊಬ್ಬರ ಕೊಡಬೇಕು. ಸಿಕ್ಕಿದರೆ ಎರಡು ಬುಟ್ಟಿ ಗದ್ದೆಮಣ್ಣು ಬೆರೆಸಿ. ಅದರಲ್ಲಿರುವ ಜೇಡಿ ನೀರು ಹಿಡಿಯುತ್ತದೆ. ಕಡಲ ನೀರು ನುಗ್ಗುವ ಗಜನಿ ಗದ್ದೆಯ ಮಣ್ಣು ಮಾತ್ರ ತರಬೇಡಿ, ಅದರಲ್ಲಿ ಉಪ್ಪು ಇರುತ್ತದೆ.

ಹೊಸ ಮನೆ ಕಟ್ಟಿದವರಿಗೆ ಮೂರನೆಯ ಥರವೂ ಗೊತ್ತಿರುತ್ತದೆ: ಚಿರೆಕಲ್ಲಿನ ಚೂರು, ಸಿಮೆಂಟ್ ಗಟ್ಟಿ, ಜಲ್ಲಿ ತುಂಬಿದ ಅಂಗಳ. ಅದನ್ನು ಅಗೆದು ಸರಿ ಮಾಡಲು ಹೋದರೆ ಸೊಂಟ ಹೋಗುತ್ತದೆ. ಅದರ ಮೇಲೆಯೇ ಹೊಸ ಮಣ್ಣು ಹಾಕಿ ಎತ್ತರದ ಮಡಿ ಕಟ್ಟಿ.

ನೀರು ಇಂಗುತ್ತದೋ ಇಲ್ಲವೋ ನೋಡಲು ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಆ ಜಾಗ ಕೆಸುವಿಗೆ ಮಾತ್ರ.

ಮಡಿ ಕಟ್ಟುವುದು

ಅಗಲ ಮೂರು ಅಡಿ, ಉದ್ದ ಹತ್ತು ಅಡಿ. ಮೂರು ಅಡಿಗಿಂತ ಅಗಲ ಮಾಡಬೇಡಿ. ಎರಡೂ ಬದಿಯಿಂದ ಕೈ ನಡುವಿಗೆ ತಲುಪಬೇಕು, ಮಡಿಯ ಮೇಲೆ ಕಾಲಿಡುವಂತೆ ಆಗಬಾರದು. ಅಕ್ಟೋಬರ್‌ನಲ್ಲಿ ಆರು ಇಂಚು ಎತ್ತರ ಸಾಕು. ಅದೇ ಮಡಿಯನ್ನು ಮಳೆಗಾಲಕ್ಕೂ ಉಳಿಸಿಕೊಳ್ಳುವುದಾದರೆ ಒಂದು ಅಡಿ ಏರಿಸಿ. ಸುತ್ತ ಒಂದು ಬಸಿಗಾಲುವೆ ತೆಗೆಯಿರಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಶಿರಸಿ, ಸಿದ್ದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ತರಕಾರಿ ಬೇರು ಅಡಿಕೆ ಬೇರಿಗಿಂತಲೂ ನಾಜೂಕು.

ಅಂಚು ಕಟ್ಟಲು ಒಡೆದ ಚಿರೆಕಲ್ಲು, ಹಳೆಯ ಹಂಚು, ಅಡಿಕೆ ದಬ್ಬೆ, ತೆಂಗಿನ ಸಿಪ್ಪೆ, ಏನಾದರೂ ಆಗುತ್ತದೆ. ಹೊಸದಾಗಿ ದುಡ್ಡು ಕೊಟ್ಟು ತರುವ ಅಗತ್ಯ ಇಲ್ಲ. ಮಣ್ಣನ್ನು ಒಂದು ಗುದ್ದಲಿ ಆಳಕ್ಕೆ ಸಡಿಲಿಸಿ, ಕಲ್ಲು ಆರಿಸಿ, ಸುಣ್ಣ ಹಾಕಿ ಬಿಡಿ. ಎರಡು ವಾರದ ನಂತರ ಈ ಅಳತೆಯ ಮಡಿಗೆ ಎಂಟರಿಂದ ಹತ್ತು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ. ಕಳಿತದ್ದು ಅಂದರೆ ಕೈಯಲ್ಲಿ ಹಿಡಿದರೆ ಸೆಗಣಿ ವಾಸನೆ ಬರಬಾರದು, ಬಿಸಿ ಇರಬಾರದು. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಗೊಬ್ಬರದ ಹುಳವೂ ಬರುತ್ತದೆ.

ಗೊಬ್ಬರಕ್ಕೆ ಪೇಟೆ ಬೇಡ

ಎಲೆ ಉದುರುವ ಊರಿನಲ್ಲಿದ್ದುಕೊಂಡು ಗೊಬ್ಬರದ ಚೀಲ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಮೂರು ಅಡಿ ಉದ್ದ, ಅಗಲದ ಒಂದು ಮೂಲೆ ಮಾಡಿಕೊಳ್ಳಿ. ಕೆಳಗೆ ತೆಂಗಿನ ಸಿಪ್ಪೆ ಅಥವಾ ಕಡ್ಡಿ, ಮೇಲೆ ಒಂದು ಪದರ ದರಕು (ಉದುರಿದ ಒಣ ಎಲೆ), ಅದರ ಮೇಲೆ ತೆಳುವಾಗಿ ಅಡುಗೆಮನೆ ಸಿಪ್ಪೆ, ಹಸಿ ಸೊಪ್ಪು, ಸೆಗಣಿ ನೀರು. ಮತ್ತೆ ದರಕು. ಒಣಗಿದ್ದು ಮೂರು ಪಾಲು, ಹಸಿಯದು ಒಂದು ಪಾಲು. ವಾಸನೆ ಬಂದರೆ ಹಸಿ ಜಾಸ್ತಿಯಾಗಿದೆ ಅಂತ ಅರ್ಥ, ದರಕು ಸೇರಿಸಿ. ತಿಂಗಳಿಗೊಮ್ಮೆ ತಿರುವಿ ಹಾಕಿದರೆ ನಾಲ್ಕೈದು ತಿಂಗಳಲ್ಲಿ ಪುಡಿಯಾಗುತ್ತದೆ. ಗ್ಲಿರಿಸಿಡಿಯಾ ಸೊಪ್ಪು ಸಿಕ್ಕರೆ ಬಿಡಬೇಡಿ, ಬೇಗ ಕಳಿಯುತ್ತದೆ, ಸಾರಜನಕವೂ ಜಾಸ್ತಿ. ಅಕೇಶಿಯಾ ಎಲೆ ಮತ್ತು ಗಾಳಿಮರದ ಕಡ್ಡಿ ಮಾತ್ರ ಕಳಿಯಲು ವರ್ಷಗಟ್ಟಲೆ ಹಠ ಮಾಡುತ್ತವೆ. ಅವನ್ನು ಮುಚ್ಚಿಗೆಗೆ, ಅಂದರೆ ಮಡಿಯ ಮಣ್ಣಿನ ಮೇಲೆ ಹೊದಿಸಲು, ಇಟ್ಟುಕೊಳ್ಳಿ. ಮಳೆಗಾಲದಲ್ಲಿ ರಾಶಿಯ ಮೇಲೆ ಸೋಗೆಯೋ ತಾಡಪಾಲೋ ಮುಚ್ಚದಿದ್ದರೆ ಸಾರವೆಲ್ಲ ತೊಳೆದುಹೋಗುತ್ತದೆ.

ದರಕು ತರಲು ಬೆಟ್ಟಕ್ಕೆ ಹೋಗುವವರು ಒಂದು ಎಚ್ಚರಿಕೆ ನೆನಪಿಡಿ. ಜನವರಿಯಿಂದ ಮೇ ತನಕ ಒಣ ಎಲೆಯಲ್ಲಿ ಉಣುಗು (ರಕ್ತ ಹೀರುವ ಉಣ್ಣೆ) ಇರುತ್ತದೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ಸಿದ್ದಾಪುರ, ಹೊನ್ನಾವರದ ಕಡೆಗೆ ಹೊಸದೇನಲ್ಲ. ಮೈತುಂಬ ಬಟ್ಟೆ, ಕಾಲಿಗೆ ಬೂಟು, ಆರೋಗ್ಯ ಇಲಾಖೆ ಕೊಡುವ ಎಣ್ಣೆ, ಬಂದ ಕೂಡಲೇ ಬಿಸಿನೀರ ಸ್ನಾನ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಹಿತ್ತಲ ಮಾವು, ಹಲಸಿನ ಎಲೆಯೇ ಒಂದು ಮಡಿಗೆ ಧಾರಾಳ.

ಗಿಡ ಬೆಳೆಯುವಾಗ ಮೇಲುಗೊಬ್ಬರವಾಗಿ ಜೀವಾಮೃತ ಮಾಡಿಕೊಳ್ಳಬಹುದು. ಮನೆ ಅಳತೆಗೆ: 20 ಲೀಟರ್ ನೀರು, ಒಂದು ಕಿಲೋ ನಾಟಿ ಹಸುವಿನ ಸೆಗಣಿ, ಒಂದು ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆ ಹಿಟ್ಟು ಅಥವಾ ಬೇರೆ ದ್ವಿದಳ ಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ. ಎರಡು ದಿನದಲ್ಲಿ ತಯಾರು, ಒಂದು ವಾರದೊಳಗೆ ಮುಗಿಸಿ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ. ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಶೇಂಗಾ ಹಿಂಡಿಯನ್ನು ರಾತ್ರಿ ನೆನೆಸಿ ತೆಳ್ಳಗೆ ಮಾಡಿ ಹಾಕಿದರೂ ನಡೆಯುತ್ತದೆ.

ಮೀನು ತಿನ್ನುವ ಮನೆಯವರಿಗೆ ಮೀನು ತೊಳೆದ ನೀರು ಇದ್ದೇ ಇದೆ. ಬಸಳೆ, ಮೆಣಸು, ಕರಿಬೇವಿಗೆ ಅದು ಬಹಳ ಒಳ್ಳೆಯದು. ಒಣಮೀನು ತೊಳೆದ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪೇ ಉಪ್ಪು.

ಮೊದಲ ವರ್ಷ ಏನು ಹಾಕಬೇಕು

*ಹರಿವೆ.* ಇದರಿಂದ ಶುರು ಮಾಡಿ. 25-30 ದಿನದಲ್ಲಿ ಸಾರಿಗೆ ಸೊಪ್ಪು ಸಿಗುತ್ತದೆ, ಹೊಸಬರಿಗೆ ಹುಮ್ಮಸ್ಸು ಬರುತ್ತದೆ. ಬೀಜ ಸಾಸಿವೆಗಿಂತ ಸಣ್ಣದು. ಒಂದು ಚಮಚ ಬೀಜಕ್ಕೆ ನಾಲ್ಕೈದು ಚಮಚ ಒಣ ಮರಳು ಬೆರೆಸಿ ಚೆಲ್ಲಿ, ಮೇಲೆ ತೆಳ್ಳಗೆ ಗೊಬ್ಬರದ ಪುಡಿ ಉದುರಿಸಿ. ಆಳಕ್ಕೆ ಹೋದರೆ ಹುಟ್ಟುವುದಿಲ್ಲ. ಇರುವೆ ಬೀಜ ಹೊರುತ್ತದೆ. ಅದಕ್ಕೆ ಮಡಿಯ ಸುತ್ತ ಒಂದಿಷ್ಟು ಅಕ್ಕಿ ರವೆ ಚೆಲ್ಲಿದರೆ ಅದನ್ನು ಹೊತ್ತುಕೊಂಡು ಹೋಗುತ್ತವೆ, ಬೀಜ ಉಳಿಯುತ್ತದೆ. ದಟ್ಟವಾಗಿ ಹುಟ್ಟಿದ್ದನ್ನು ಎಳೆಯದರಲ್ಲೇ ಕಿತ್ತು ಪಲ್ಯ ಮಾಡಿ, ಉಳಿದದ್ದು ಅರ್ಧ ಅಡಿಗೊಂದರಂತೆ ದಂಟಿಗೆ ಬಿಡಿ. ಹದಿನೈದು ದಿನಕ್ಕೊಮ್ಮೆ ಒಂದು ತುಂಡು ಜಾಗದಲ್ಲಿ ಬಿತ್ತುತ್ತಾ ಹೋದರೆ ಸೊಪ್ಪು ನಿಲ್ಲುವುದಿಲ್ಲ.

*ಬಸಳೆ.* ಬೀಜಕ್ಕಾಗಿ ಪರದಾಡಬೇಡಿ. ಪಕ್ಕದ ಮನೆಯವರಿಂದ ಒಂದು ಅಡಿ ಉದ್ದದ, ಮೂರು ನಾಲ್ಕು ಗೆಣ್ಣಿನ ಬಲಿತ ಬಳ್ಳಿ ತನ್ನಿ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಿ. ಹತ್ತು ದಿನದಲ್ಲಿ ಚಿಗುರು ಕಾಣುತ್ತದೆ. ಎರಡು ಮನೆಯ ಊಟಕ್ಕೆ ಮೂರು ಬುಡ ಸಾಕು. ಎದೆಮಟ್ಟದ ಚಪ್ಪರ ಮಾಡಿ. ಎಲೆಯಲ್ಲಿ ಕೆಂಪು ಅಂಚಿನ ದುಂಡು ಚುಕ್ಕೆ ಬಂದರೆ ಆ ಎಲೆ ಕಿತ್ತು ದೂರ ಹಾಕಿ, ಸಂಜೆ ಎಲೆ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿ. ಕೊಯ್ದಷ್ಟೂ ಕವಲೊಡೆಯುತ್ತದೆ, ಕೊಯ್ಯಲು ಹಿಂಜರಿಯಬೇಡಿ.

*ಅಲಸಂದೆ.* ಬಳ್ಳಿ ಅಲಸಂದೆಯನ್ನು ಬೇಲಿ ಬದಿಗೆ ಒಂದು ಅಡಿಗೆರಡು ಬೀಜದಂತೆ ಹಾಕಿ. ಬೇರಿನ ಗಂಟಿನಲ್ಲಿ ತಾನೇ ಸಾರಜನಕ ಕಟ್ಟಿಕೊಳ್ಳುವುದರಿಂದ ಇದಕ್ಕೆ ಜಾಸ್ತಿ ಗೊಬ್ಬರ ಬೇಡ. ಹಾಕಿದರೆ ಬರೀ ಎಲೆ ಬರುತ್ತದೆ. ತುದಿಗೆ ಕಪ್ಪು ಹೇನು ಮುತ್ತುವುದು ಗ್ಯಾರಂಟಿ. ಮೊದಲ ದಿನವೇ ಆ ತುದಿ ಚಿವುಟಿ ಬಿಸಾಡಿದರೆ ಔಷಧಿಯ ಗೊಡವೆ ಇರುವುದಿಲ್ಲ.

*ಬೆಂಡೆ.* ಬೀಜ ರಾತ್ರಿ ನೆನೆಸಿ, ಸಾಲಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಟ್ಟು ಊರಿ. 45-50 ದಿನಕ್ಕೆ ಕಾಯಿ ಶುರು. ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು, ಒಂದು ಕಾಯಿ ಬಲಿತರೆ ಗಿಡ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಎಲೆಯ ನರ ಹಳದಿ ತಿರುಗಿದ ಗಿಡ ಕಂಡರೆ ಕಿತ್ತುಬಿಡಿ. ಅದು ನಂಜು ರೋಗ, ಬಿಳಿನೊಣ ಹರಡುತ್ತದೆ, ಔಷಧಿ ಇಲ್ಲ. ಊರ ಹಾಲುಬೆಂಡೆ ಸಿಕ್ಕರೆ ಅದನ್ನೇ ಹಾಕಿ. ಕಾಯಿ ಉದ್ದ, ದಪ್ಪ, ಸ್ವಲ್ಪ ಬಲಿತರೂ ಮೆತ್ತಗೆ.

*ಮೆಣಸು.* ಸೂಜಿಮೆಣಸಿನ ಒಂದು ಗಿಡ ವರ್ಷಗಟ್ಟಲೆ ನಿಲ್ಲುತ್ತದೆ, ರೋಗವೂ ಕಡಿಮೆ. ಹಸಿಮೆಣಸು ಬೇಕಾದರೆ ಸಸಿ ಮಾಡಿ. ತೆಂಗಿನ ಕರಟಕ್ಕೆ ತೂತು ಕೊರೆದು ಅಥವಾ ಬಾಳೆಪಟ್ಟೆ ಸುತ್ತಿ ಮಣ್ಣು ತುಂಬಿ ಎರಡೆರಡು ಬೀಜ ಹಾಕಿ. 30-35 ದಿನದ ಸಸಿಯನ್ನು ಸಂಜೆ ಹೊತ್ತು ನೆಟ್ಟು ಮೂರು ದಿನ ಸೋಗೆಯ ನೆರಳು ಕೊಡಿ.

ಇವುಗಳ ಜೊತೆಗೆ ಬೇಲಿಗೊಂದು ತೊಂಡೆ ಬಳ್ಳಿ. ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಹುಟ್ಟಿದ್ದು ಗಂಡಾದರೆ ಜನ್ಮಪೂರ್ತಿ ಕಾಯಿ ಬಿಡುವುದಿಲ್ಲ. ಕಾಯಿ ಬಿಡುತ್ತಿರುವ ಬಳ್ಳಿಯನ್ನು ಕಣ್ಣಾರೆ ನೋಡಿ ಅದರದ್ದೇ ತುಂಡು ತನ್ನಿ. ಒಂದು ಬಳ್ಳಿ ಸಾಕು, ಎರಡು ಹಾಕಿದರೆ ಹಂಚಲು ಮನೆ ಹುಡುಕಬೇಕು.

ಘಟ್ಟದ ಮೇಲಿನವರಿಗೆ ಒಂದು ಅನುಕೂಲ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ನವೆಂಬರ್-ಜನವರಿಯ ರಾತ್ರಿ ತಂಪು. ಬೆಂಡೆ ಆಗ ಸ್ವಲ್ಪ ಮಂಕಾಗುತ್ತದೆ ನಿಜ, ಆದರೆ ಮೂಲಂಗಿ, ಬೀನ್ಸ್, ಕೊತ್ತಂಬರಿ, ಎಲೆಕೋಸು ಕಾರವಾರಕ್ಕಿಂತ ಎಷ್ಟೋ ಚೆನ್ನಾಗಿ ಬರುತ್ತವೆ. ಕರಾವಳಿಯವರು ಕ್ಯಾರೆಟ್ಟಿನ ಆಸೆ ಬಿಟ್ಟರೆ ಒಳ್ಳೆಯದು.

ಟೊಮೆಟೊ ಯಾಕೆ ಬೇಡ

ಹುಳಿ ಮಣ್ಣು, ಸೆಖೆ, ತೇವ ಮೂರೂ ಸೇರಿದಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಸುಖವಾಗಿರುತ್ತದೆ, ದೊಣ್ಣೆಮೆಣಸನ್ನೂ ಅದು ಬಿಡುವುದಿಲ್ಲ. ನಿನ್ನೆ ಸಂಜೆ ಹಸಿರಾಗಿ ನಿಂತಿದ್ದ ಟೊಮೆಟೊ ಗಿಡ ಇವತ್ತು ಮಧ್ಯಾಹ್ನ ಜೋತುಬಿದ್ದಿರುತ್ತದೆ. ನೀರು ಸಾಲಲಿಲ್ಲ ಅಂತ ಇನ್ನಷ್ಟು ನೀರು ಹಾಕುತ್ತಾರೆ. ಪರೀಕ್ಷೆ ಸುಲಭ: ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ತೂಗುಹಾಕಿ. ಕೆಲವು ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಗಿಡ ಕಿತ್ತು ಸುಟ್ಟುಬಿಡಿ. ಆ ಮಡಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು ಯಾವುದೂ ಬೇಡ. ಹರಿವೆ, ಅಲಸಂದೆ, ಬಸಳೆ ಹಾಕಬಹುದು.

ಎರಡನೇ ವರ್ಷ ಬೇಕೇ ಬೇಕು ಅಂದರೆ ರೋಗ ತಡೆಯುವ ತಳಿ ಆರಿಸಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಸೊರಗು ರೋಗ, ಎಲೆ ಮುಟುರು ನಂಜು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬದನೆಯಲ್ಲಿ ಅರ್ಕಾ ಕೇಶವ್, ಅರ್ಕಾ ನಿಧಿ ಇವೆ. ಕಾಡುಬದನೆ ಬುಡಕ್ಕೆ ಕಸಿ ಕಟ್ಟಿದ ಬದನೆ, ಟೊಮೆಟೊ ಸಸಿ ನರ್ಸರಿಯಲ್ಲಿ ಸಿಕ್ಕರೆ ಅದು ಇನ್ನೂ ಭದ್ರ.

ಅಂಗಳವೇ ಇಲ್ಲದವರಿಗೆ

ಕಾರವಾರ ಪೇಟೆಯ ಫ್ಲ್ಯಾಟ್, ಕೈಗಾದ ಕ್ವಾರ್ಟರ್ಸ್‌ಗಳಲ್ಲಿ ಇರುವವರಿಗೆ ತಾರಸಿಯೋ ಬಾಲ್ಕನಿಯೋ ಗತಿ. ಮೀನಿನ ಥರ್ಮಾಕೋಲ್ ಪೆಟ್ಟಿಗೆಗಿಂತ ಒಳ್ಳೆಯ ಕುಂಡ ನಾನು ಕಂಡಿಲ್ಲ. ಹಗುರ, ಬಿಸಿಲಿಗೆ ಬೇರು ಕಾಯುವುದಿಲ್ಲ, ಮೀನು ಪೇಟೆಯಲ್ಲಿ ಹಳೆಯದು ಸುಲಭವಾಗಿ ಸಿಗುತ್ತದೆ. ಎರಡು ಮೂರು ಸಲ ಸಿಹಿನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ತಳದಲ್ಲಿ ಬೆರಳು ಗಾತ್ರದ ಏಳೆಂಟು ತೂತು ಮಾಡಿ. ಮಣ್ಣು, ಗೊಬ್ಬರ, ನಾರಿನ ಪುಡಿ ಸಮಪಾಲು ತುಂಬಿ. ನಾರಿನ ಪುಡಿಯನ್ನು ಮೊದಲು ನೀರಲ್ಲಿ ನೆನೆಸಿ, ಕಂದು ನೀರು ಚೆಲ್ಲಿ, ಹಿಂಡಿ ಬಳಸಿ. ಅದರ ಉಪ್ಪು ಮತ್ತು ಒಗರು ಹಾಗೆ ಹೋಗುತ್ತದೆ. ಪೆಟ್ಟಿಗೆಗಳನ್ನು ಇಟ್ಟಿಗೆ ಮೇಲೆ ಇಡಿ, ತಾರಸಿಯ ನಡುವೆ ಬೇಡ, ಗೋಡೆ ಮತ್ತು ತೊಲೆ ಇರುವ ಅಂಚಿನಲ್ಲಿ ಸಾಲಾಗಿಡಿ. ಒದ್ದೆ ಮಣ್ಣಿನ ತೂಕ ಕಡಿಮೆಯೇನಲ್ಲ. ಹರಿವೆ, ಬಸಳೆ, ಮೆಣಸು, ದೊಡ್ಡಪತ್ರೆ ಇಲ್ಲಿ ಆರಾಮ.

ನೀರು ಮತ್ತು ಮುಚ್ಚಿಗೆ

ಡಿಸೆಂಬರ್ ತನಕ ಎರಡು ದಿನಕ್ಕೊಮ್ಮೆ, ಫೆಬ್ರವರಿ ನಂತರ ದಿನಾ. ಬೆರಳನ್ನು ಎರಡು ಇಂಚು ಮಣ್ಣಿಗೆ ಚುಚ್ಚಿ ನೋಡಿ, ತೇವ ತಾಗಿದರೆ ಅವತ್ತು ನೀರು ಬೇಡ. ಮಡಿಯ ಮೇಲೆ ಎರಡು ಮೂರು ಇಂಚು ದರಕು ಅಥವಾ ಒಣಹುಲ್ಲು ಮುಚ್ಚಿದರೆ ನೀರಿನ ಖರ್ಚು ತುಂಬಾ ಇಳಿಯುತ್ತದೆ, ಕಳೆಯೂ ಏಳುವುದಿಲ್ಲ. ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ.

ಕಡಲ ಹತ್ತಿರದ ಬಾವಿ ನೀರು ಏಪ್ರಿಲ್-ಮೇಯಲ್ಲಿ ಉಪ್ಪಾಗುವುದುಂಟು. ಬಾಯಿಗೆ ಹಾಕಿ ಉಪ್ಪು ತಿಳಿದರೆ ಬೀನ್ಸ್ ಮೊದಲು ಸೊರಗುತ್ತದೆ ಅಂತ ಇಟ್ಟುಕೊಳ್ಳಿ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಆಗ ಚಿನ್ನ.

ಹುಳ, ಬಸವನಹುಳು, ಮಂಗ

ಹಸಿರು ಹೇನು, ಬಿಳಿ ಹಿಟ್ಟುತಿಗಣೆಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನ ಎಣ್ಣೆ, ಕರಗಲು ಸ್ವಲ್ಪ ಸೋಪು. ಸಂಜೆ, ಎಲೆಯ ಅಡಿಗೆ ಸಿಂಪಡಿಸಿ. ಚಳಿಗಾಲದ ಬೂದಿ ರೋಗಕ್ಕೆ ಹುಳಿ ಮಜ್ಜಿಗೆ ಒಂದು ಲೋಟಕ್ಕೆ ಹತ್ತು ಲೋಟ ನೀರು ಸಾಕು.

ಆಫ್ರಿಕನ್ ಬಸವನಹುಳು ಮಳೆಗಾಲದಲ್ಲಿ ದೊಡ್ಡ ಉಪದ್ರ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ರಾತ್ರಿ ಬಂದು ಸೇರುತ್ತವೆ. ಬೆಳಗ್ಗೆ ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ಮಡಿಗೆ ಉದುರಿಸಬೇಡಿ, ಹುಳುವಿನ ಜೊತೆ ಗಿಡವೂ ಸಾಯುತ್ತದೆ.

ಮಂಗಕ್ಕೆ ಪರಿಹಾರ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡಿ, ಹುಲಿ ಬೊಂಬೆ, ಪಟಾಕಿ ಎಲ್ಲ ನಾಲ್ಕು ದಿನದ ಮಾತು. ಮಂಗ ಜಾಸ್ತಿ ಇರುವ ಊರಲ್ಲಿ ಅವು ಅಷ್ಟಾಗಿ ಮುಟ್ಟದ್ದನ್ನು ಬೆಳೆಯುವುದೇ ಜಾಣತನ: ಅರಿಶಿನ, ಶುಂಠಿ, ಸುವರ್ಣಗಡ್ಡೆ, ಕೆಸು, ಸೂಜಿಮೆಣಸು, ಹಾಗಲ. ಉಳಿದ ಮಡಿಗೆ ಮೀನುಗಾರರ ಹಳೆಯ ಬಲೆ ಕಟ್ಟಬಹುದು. ನವಿಲು, ಕೋಳಿಗೂ ಅದು ತಡೆ. ಬಲೆಯ ಕೆಳ ಅಂಚನ್ನು ಬಿಗಿಯಾಗಿ ಎಳೆದು ಕಟ್ಟಿ. ನೆಲದ ಮೇಲೆ ಸಡಿಲ ಬಿದ್ದರೆ ಹಾವು ಸಿಕ್ಕಿಕೊಳ್ಳುತ್ತದೆ, ಬಿಡಿಸುವ ಪಜೀತಿ ಬೇಡ.

ಜೂನ್ ಬಂದಾಗ

ಅಷ್ಟರಲ್ಲಿ ನಿಮ್ಮ ಕೈ ಪಳಗಿರುತ್ತದೆ. ಈಗ ಬಳ್ಳಿಗಳ ಸರದಿ: ಮೊಗೆಕಾಯಿ (ಸಾಂಬಾರು ಸೌತೆ), ಸೌತೆ, ಹೀರೆ, ಪಡವಲ, ಹಾಗಲ. ಮೇ ಕೊನೆಯ ವಾರ ಗುಂಡಿ ತಯಾರಿಸಿ, ಒಂದೆರಡು ಒಳ್ಳೆಯ ಮಳೆ ಬಿದ್ದ ಕೂಡಲೇ ಬೀಜ ಹಾಕಿ. ಮೃಗಶಿರ ಮಳೆಯ ಆರ್ಭಟಕ್ಕೆ ಮೊದಲು ಬಳ್ಳಿ ನಾಲ್ಕೆಲೆ ಬಿಟ್ಟಿರಬೇಕು. ತಗ್ಗಿನ ಗುಂಡಿ ಬೇಡ, ದಿಬ್ಬದ ಮೇಲೆ ಹಾಕಿ.

‘ಹೂ ಬಿಟ್ಟು ಉದುರುತ್ತದೆ, ಕಾಯಿ ಇಲ್ಲ’ ಅನ್ನುವ ದೂರು ಆಗ ಶುರುವಾಗುತ್ತದೆ. ಮೊದಲು ಬರುವುದು ಗಂಡು ಹೂವೇ, ಅದು ಉದುರಬೇಕಾದದ್ದೇ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಜಡಿಮಳೆಯಲ್ಲಿ ಜೇನು ಹಾರುವುದಿಲ್ಲ, ಹಾಗಾಗಿ ಕೈಯಿಂದಲೇ ಗಂಡು ಹೂವಿನ ದಳ ಬಿಡಿಸಿ ಹೆಣ್ಣು ಹೂವಿಗೆ ಮುಟ್ಟಿಸಿ. ಸೌತೆ, ಮೊಗೆ, ಹಾಗಲಕ್ಕೆ ಬೆಳಗ್ಗೆ. ಹೀರೆ ಹೂ ಅರಳುವುದು ಸಂಜೆ, ಪಡವಲ ಕತ್ತಲಾದ ಮೇಲೆ.

ಕಾಯಿ ಕಚ್ಚಿತು ಅನ್ನುವಷ್ಟರಲ್ಲಿ ಹಣ್ಣುನೊಣ ಬಂದು ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಸೊಟ್ಟಗಾಗಿ ಕೊಳೆಯುತ್ತದೆ. ಬೆರಳುದ್ದ ಆದಾಗಲೇ ಕಾಗದದ ಅಥವಾ ಹಳೆ ಬಟ್ಟೆಯ ಚೀಲ ಕಟ್ಟಿಬಿಡಿ. ಅಂಗಡಿಯಲ್ಲಿ ಮೋಹಕ ಬಲೆ (ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವಂಥದ್ದು) ಕೊಳ್ಳುವಾಗ ತರಕಾರಿಗೆ ಬೇಕಾದ ಕ್ಯೂಲೂರ್ ಅನ್ನುವ ಸೆಳೆಮದ್ದಿನದ್ದೇ ಕೇಳಿ. ಮಾವಿನ ಬಲೆಯಲ್ಲಿರುವ ಮೀಥೈಲ್ ಯೂಜಿನಾಲ್ ಈ ನೊಣಕ್ಕೆ ಆಗುವುದಿಲ್ಲ. ಕೊಳೆತ ಕಾಯಿಯನ್ನು ಗೊಬ್ಬರದ ಮೂಲೆಗೆ ಎಸೆಯಬೇಡಿ, ಬಕೆಟ್ ನೀರಲ್ಲಿ ವಾರ ಮುಳುಗಿಸಿಡಿ.

ಸೊಪ್ಪಿನ ಮಡಿ ಖಾಲಿ ಬಿಡುವುದಾದರೆ ಬೋಳಾಗಿ ಬಿಡಬೇಡಿ. ಮುಚ್ಚಿಗೆ ಹಾಕಿ, ಇಲ್ಲವೇ ಶುಂಠಿ, ಅರಿಶಿನ ಊರಿ.

ಬೀಜ ಎಲ್ಲಿಂದ

ಅಂಕೋಲಾ, ಗೋಕರ್ಣ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು ಪೇಟೆಗೆ ತರಕಾರಿ ತರುತ್ತಾರೆ. ‘ಅಕ್ಕಾ, ಮುಂದಿನ ವಾರ ಹರಿವೆ ಬೀಜ ಸ್ವಲ್ಪ ತರ್ತೀರಾ?’ ಅಂತ ಕೇಳಿ ನೋಡಿ. ಈ ಮಣ್ಣಿಗೇ ಒಗ್ಗಿದ ಬೀಜ ಅದು. ಕಾರವಾರದ ಭಾನುವಾರದ ಸಂತೆಯಲ್ಲೂ ವಿಚಾರಿಸಬಹುದು. ಶಿರಸಿಯಲ್ಲಿ ವನಸ್ತ್ರೀ ಅನ್ನುವ ಹೆಂಗಸರ ಸಂಘಟನೆ ಮಲೆನಾಡಿನ ಹಿತ್ತಲ ಬೀಜಗಳನ್ನು ಕಾಪಾಡಿ ಹಂಚುವ ಕೆಲಸ ಮಾಡಿಕೊಂಡು ಬಂದಿದೆ. ಕೃಷಿ ವಿಜ್ಞಾನ ಕೇಂದ್ರವೂ ಶಿರಸಿಯಲ್ಲಿದೆ, ಸಲಹೆ ಕೇಳಲು ಹಿಂಜರಿಕೆ ಬೇಡ. ಮಣ್ಣು ಪರೀಕ್ಷೆಗೆ ಎಲ್ಲಿ ಕೊಡಬೇಕು ಅಂತ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಹೇಳುತ್ತಾರೆ.

ಒಂದು ಸಲ ತಂದ ಊರ ಬೀಜವನ್ನು ಮುಂದೆ ನೀವೇ ಮಾಡಿಕೊಳ್ಳಿ. ಅಂಕೋಲಾ ಹೊನ್ನಳ್ಳಿಯ ತುಳಸಿ ಗೌಡ ಅವರು, 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂದವರು, ಕಾಡಿನಲ್ಲಿ ತಾಯಿಮರ ಗುರುತಿಸಿ ಬೀಜ ಆರಿಸುವುದರಲ್ಲಿ ಹೆಸರಾಗಿದ್ದರು. ಹಿತ್ತಲಿಗೂ ಅದೇ ಕ್ರಮ. ಎಲ್ಲಕ್ಕಿಂತ ಚೆನ್ನಾಗಿರುವ, ರೋಗ ಬಾರದ ಒಂದು ಗಿಡಕ್ಕೆ ಬಣ್ಣದ ದಾರ ಕಟ್ಟಿ, ಅದರ ಎರಡು ಮೂರು ಕಾಯಿ ಕೊಯ್ಯದೆ ಬಿಡಿ. ಉಳಿದ ಕಡೆಯದೆಲ್ಲ ತಿಂದು, ಕೊನೆಗೆ ಮಿಕ್ಕ ಕೊರಕಲು ಕಾಯಿಯನ್ನು ಬೀಜಕ್ಕೆ ಇಡುವುದು ನಮ್ಮ ಸಾಮಾನ್ಯ ರೂಢಿ, ಅದು ತಲೆಕೆಳಗು. ಬೆಂಡೆ, ಅಲಸಂದೆ ಗಿಡದಲ್ಲೇ ಒಣಗಲಿ. ಬಲಿತ ಮೊಗೆಕಾಯಿಯನ್ನು ಬಾಳೆನಾರಲ್ಲಿ ಕಟ್ಟಿ ಅಡ್ಡಕ್ಕೆ ತೂಗುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ. ತೆಳ್ಳೇವಿಗೆ (ತೆಳು ದೋಸೆಗೆ) ಒಡೆದ ದಿನ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಗಾಜಿನ ಬಾಟ್ಲಿಗೆ ತುಂಬಿ, ಮೇಲೆ ಹೆಸರು, ತಿಂಗಳು ಬರೆದಿಡಿ. ಪೊಟ್ಟಣದ ಮೇಲೆ ಹೈಬ್ರಿಡ್ ಅಂತ ಇದ್ದರೆ ಮಾತ್ರ ಈ ಶ್ರಮ ಬೇಡ, ಮುಂದಿನ ಪೀಳಿಗೆ ಅದೇ ಗುಣದ್ದಾಗಿರುವುದಿಲ್ಲ.